ನಂಬಿಕೆ, ನ್ಯಾಯ, ಪಿಎಚ್‌.ಡಿ: ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದೀರಾ?

ಕೊನೇಬೆಂಚು

ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೇನೆ. ಕ್ರೈಸ್ತ ನಂಬಿಕೆಗೂ ಸಾಮಾಜಿಕ ನ್ಯಾಯಕ್ಕೂ ಇರುವ ನಂಟಿನ ಬಗ್ಗೆ ಪಿಎಚ್‌.ಡಿ ಮಾಡಬೇಕು, ಮುಂದೆ ಇದನ್ನೇ ಪಾಠ ಮಾಡಬೇಕು ಅಂತ ಆಸೆ. ಗೆಳೆಯರಿಗೆ ಹೇಳಿದರೆ "ಪಾದ್ರಿ ಆಗ್ತೀಯಾ?" ಅನ್ನುತ್ತಾರೆ. ಚರ್ಚಿನಲ್ಲಿ ಹೇಳಿದರೆ "ಕಮ್ಯುನಿಸ್ಟ್ ಆಗ್ತೀಯಾ?" ಅನ್ನುತ್ತಾರೆ. ಎರಡೂ ಅಲ್ಲ ಅಂದರೆ ಇಬ್ಬರೂ ನಂಬುವುದಿಲ್ಲ.

ಥಿಯಾಲಜಿ (ದೈವಶಾಸ್ತ್ರ) ಕಡೆ ಹೋಗಲೋ, ಸಮಾಜಶಾಸ್ತ್ರದಲ್ಲೇ ಇರಲೋ? ನಂಬಿಕೆ ಇರುವವನೇ ನಂಬಿಕೆಯ ಬಗ್ಗೆ ಸಂಶೋಧನೆ ಮಾಡಿದರೆ ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ? ಆಮೇಲೆ, ಇದರಲ್ಲಿ ಹೊಟ್ಟೆ ತುಂಬುತ್ತದಾ? ಸಿನಾಪ್ಸಿಸ್‌ಗೆ ಸದ್ಯ ಇಟ್ಟಿರುವ ಹೆಸರು "ಕ್ರೈಸ್ತ ಚಿಂತನೆಯಲ್ಲಿ ನ್ಯಾಯದ ಪರಿಕಲ್ಪನೆ". ದಯವಿಟ್ಟು ನಗಬೇಡಿ.

ಸೀಮೆಸುಣ್ಣ

ನಗುವುದಿಲ್ಲ. ಆದರೆ ಆ ಹೆಸರಿನೊಳಗೆ ಎರಡು ಸಾವಿರ ವರ್ಷ ಇದೆ. ನಿಮ್ಮ ಹತ್ತಿರ ಇರುವುದು ನಾಲ್ಕೈದು ವರ್ಷ.

ನಾನು ಇಪ್ಪತ್ತೆರಡು ವರ್ಷ ಕ್ರೈಸ್ತ ನೀತಿಶಾಸ್ತ್ರ ಪಾಠ ಮಾಡಿದವನು, ಈಗ ನಿವೃತ್ತ. ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು. ಸಮಾಜಶಾಸ್ತ್ರದಲ್ಲಿ ನೀವು "ಈ ಸಭೆಯಲ್ಲಿ (ಅಂದರೆ ಚರ್ಚಿನ ಸಮುದಾಯದಲ್ಲಿ) ಹೀಗೆ ನಡೆಯುತ್ತಿದೆ, ಇಂಥ ಕಾರಣಕ್ಕೆ" ಎಂದು ಬರೆಯಬಹುದು. "ಇದು ತಪ್ಪು" ಎಂದು ಬರೆದರೆ ಗೈಡ್ ಕೆಂಪು ಗೆರೆ ಹಾಕುತ್ತಾರೆ. ಥಿಯಾಲಜಿಯಲ್ಲಿ "ಇದು ತಪ್ಪು, ಈ ಸಭೆ ತಾನೇ ಒಪ್ಪಿಕೊಂಡ ಬೈಬಲಿನ ಪ್ರಕಾರವೇ ತಪ್ಪು" ಎಂದು ಬರೆಯಬಹುದು. ಆದರೆ ನಿಜವಾಗಿ ಏನು ನಡೆಯುತ್ತಿದೆ ಅಂತ ಹೋಗಿ ನೋಡಿದಿರಾ ಎಂದು ಅಲ್ಲಿ ಬಹಳ ಜನ ಕೇಳುವುದೇ ಇಲ್ಲ. ಯಾವ ಕೊರತೆ ನಿಮಗೆ ಜಾಸ್ತಿ ಚುಚ್ಚುತ್ತದೆ ನೋಡಿಕೊಳ್ಳಿ.

ಈ ಕ್ಷೇತ್ರ ಕಟ್ಟಿದವರು ಎಲ್ಲಿಂದ ಬಂದರು ಅನ್ನುವುದನ್ನೂ ಗಮನಿಸಿ. ವಾಲ್ಟರ್ ರೌಶೆನ್‌ಬುಶ್ 1886ರಲ್ಲಿ ನ್ಯೂಯಾರ್ಕಿನ ಹೆಲ್ಸ್ ಕಿಚನ್ ಅನ್ನುವ ಬಡವರ ಕೇರಿಗೆ ಪಾಸ್ಟರ್ ಆಗಿ ಹೋದ. ಹನ್ನೊಂದು ವರ್ಷ ಅಲ್ಲಿದ್ದ. ಅಷ್ಟು ವರ್ಷವೂ ಅವನನ್ನು ಕಾಡಿದ್ದು ಮಕ್ಕಳ ಶವಸಂಸ್ಕಾರ. ಆತ್ಮದ ರಕ್ಷಣೆ ಅಂತ ಕಲಿತು ಬಂದವನಿಗೆ ಈ ಪುಟ್ಟ ಪೆಟ್ಟಿಗೆಗಳಿಗೆ ಕಾರಣ ಬಾಡಿಗೆ, ಕೂಲಿ, ಕೊಳಕು ನೀರು ಅಂತ ಗೊತ್ತಾಯಿತು. 1897ರಲ್ಲಿ ರಾಚೆಸ್ಟರ್‌ಗೆ ಪಾಠ ಮಾಡಲು ಹೋದ. ಹೆಸರು ತಂದ ಪುಸ್ತಕ ಬಂದದ್ದು 1907ರಲ್ಲಿ. ರೈನ್‌ಹೋಲ್ಡ್ ನೀಬುರ್ ಕೂಡ ಹಾಗೆಯೇ. ಡೆಟ್ರಾಯಿಟ್‌ನಲ್ಲಿ 1915ರಿಂದ 1928ರವರೆಗೆ ಪಾಸ್ಟರ್, ಕಾರು ಕಾರ್ಖಾನೆಯ ಕೆಲಸಗಾರರ ಪಾಡು ಕಣ್ಣೆದುರಿಗೇ. ಆಮೇಲೆ ಪಾದ್ರಿಗಳನ್ನು ತಯಾರು ಮಾಡುವ ಯೂನಿಯನ್ ಸೆಮಿನರಿಯಲ್ಲಿ ಮೂರು ದಶಕ ಪಾಠ. ಅವನಿಗೆ ಪಿಎಚ್‌.ಡಿ ಇರಲೇ ಇಲ್ಲ. ಈಗ ಹಾಗೆ ಯಾರೂ ಕೆಲಸ ಕೊಡುವುದಿಲ್ಲ, ಕನಸು ಕಾಣಬೇಡಿ!

ತಕರಾರು

ಸೀಮೆಸುಣ್ಣ ಸರ್, ಒಳ್ಳೆಯವರ ಪಟ್ಟಿ ಮಾತ್ರ ಕೊಟ್ಟಿರಿ. ಇನ್ನೊಂದು ಪಟ್ಟಿಯೂ ಇದೆ, ಅಲ್ವಾ?

ದಕ್ಷಿಣ ಆಫ್ರಿಕದ ವರ್ಣಭೇದ ನೀತಿಗೆ ಬೈಬಲಿನ ಆಧಾರ ಹುಡುಕಿ ಕೊಟ್ಟವರು ಓದದ ಜನ ಅಲ್ಲ. ಡಚ್ ರಿಫಾರ್ಮ್ಡ್ ಚರ್ಚಿನ ಡಾಕ್ಟರೇಟ್ ಪಡೆದ ಪಂಡಿತರು. ದೇವರು ಜನರ ಭಾಷೆ ಬೇರೆ ಬೇರೆ ಮಾಡಿ ಚದುರಿಸಿದ ಬಾಬೆಲ್ ಗೋಪುರದ ಕಥೆ ಇಟ್ಟುಕೊಂಡು "ದೇವರೇ ಜನಾಂಗಗಳನ್ನು ಬೇರೆ ಮಾಡಿದ" ಎಂದು ವಾದ ಕಟ್ಟಿದರು. 1974ರಲ್ಲಿ ಆ ಚರ್ಚು ಇದನ್ನು ಸಮರ್ಥಿಸುವ ಒಂದು ವರದಿಯನ್ನೇ ಅಧಿಕೃತವಾಗಿ ಒಪ್ಪಿಕೊಂಡಿತು. ಗ್ರೀಕ್ ಗೊತ್ತು, ಹೀಬ್ರೂ ಗೊತ್ತು, ಅಡಿಟಿಪ್ಪಣಿ ಎಲ್ಲ ಸರಿಯಾಗಿವೆ. ಪಕ್ಕದ ಮನುಷ್ಯ ಮಾತ್ರ ಕಾಣಲಿಲ್ಲ. ಹಾಗಿದ್ದ ಮೇಲೆ ನಂಬಿಕೆ ಪ್ಲಸ್ ಓದು ಅಂದರೆ ನ್ಯಾಯ ಅಂತ ಯಾವ ಗ್ಯಾರಂಟಿ?

ಮತ್ತೆ, "ಸಾಮಾಜಿಕ ನ್ಯಾಯ" ಅನ್ನುವುದೇ ಹೊರಗಿನಿಂದ ತಂದ ಮಾತು. ಚರ್ಚುಗಳು ಆಮೇಲೆ ಅಂಟಿಸಿಕೊಂಡವು.

ಸೀಮೆಸುಣ್ಣ

ಗ್ಯಾರಂಟಿ ಇಲ್ಲ. ಅದನ್ನು ಒಪ್ಪಿದೆ. ಎರಡನೆಯದನ್ನು ಒಪ್ಪುವುದಿಲ್ಲ. ಆ ಮಾತನ್ನು ಮೊದಮೊದಲು ಬಳಸಿದವರಲ್ಲಿ ಒಬ್ಬ ಲುಯಿಜಿ ತಪರೆಲ್ಲಿ, 1840ರ ದಶಕದಲ್ಲಿ. ಇಟಲಿಯವನು, ಯೇಸುಸಭೆ (ಜೆಸ್ಯೂಟ್) ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿ. ಅವನು ಕ್ರಾಂತಿಕಾರಿ ಏನಲ್ಲ, ಸಾಕಷ್ಟು ಸಂಪ್ರದಾಯಸ್ಥ. 1931ರಲ್ಲಿ ಪೋಪ್ 11ನೇ ಪಯಸ್ ತಮ್ಮ ವಿಶ್ವಪತ್ರದಲ್ಲೇ (ಇಡೀ ಚರ್ಚಿಗೆ ಬರೆಯುವ ಅಧಿಕೃತ ಪತ್ರ) ಆ ಮಾತು ಬಳಸಿದರು. ಚರ್ಚಿನ ಮನೆಯಲ್ಲೇ ಹುಟ್ಟಿದ ಕೂಸು ಅದು. ಬೇರೆಯವರು ಎತ್ತಿ ಆಡಿಸಿದ ಮೇಲೆ ಚರ್ಚು ಗುರುತು ಹಿಡಿಯಲಿಲ್ಲ, ಅಷ್ಟೇ.

ದಕ್ಷಿಣ ಆಫ್ರಿಕದ ಮಾತು ಬಂತಲ್ಲ, ಬೇಯರ್ಸ್ ನೌಡೆಯ ಕಥೆಯನ್ನೂ ಸೇರಿಸಿ. ಅವನ ತಂದೆ ಬ್ರೂಡರ್‌ಬಾಂಡ್ ಅನ್ನುವ ಬಿಳಿಯರ ಸಂಘದ ಸ್ಥಾಪಕರಲ್ಲಿ ಒಬ್ಬರು. ಇವನೂ ಸದಸ್ಯ, ಚರ್ಚಿನಲ್ಲಿ ದೊಡ್ಡ ಸ್ಥಾನ. 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪ್ರತಿಭಟನೆಗೆ ಸೇರಿದ್ದ ಕಪ್ಪು ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಕನಿಷ್ಠ 69 ಜನ ಸತ್ತರು. ಆಮೇಲೆ ಅದೇ ಬೈಬಲನ್ನು ಮತ್ತೆ ಓದಿದ. 1963ರಲ್ಲಿ ಸಭೆಯ ಹುದ್ದೆ ಬಿಟ್ಟ. 1977ರಿಂದ 1984ರವರೆಗೆ ಸರ್ಕಾರ ಅವನನ್ನು ನಿರ್ಬಂಧದಲ್ಲಿ ಇಟ್ಟಿತು. ಓದಿದ್ದು ಅದೇ ಶಾಲೆ, ಅದೇ ಪುಸ್ತಕ.

ತಕರಾರು

ಸರ್, ಅಂದರೆ ಓದು ಬದಲಿಸಲಿಲ್ಲ, ಗುಂಡಿನ ಸದ್ದು ಬದಲಿಸಿತು. ನನ್ನ ವಾದವನ್ನೇ ನೀವು ಗಟ್ಟಿ ಮಾಡಿದಿರಿ.

ಸೀಮೆಸುಣ್ಣ

ಸದ್ದು ಎಲ್ಲರಿಗೂ ಕೇಳಿಸಿತ್ತು.

ಅಡಿಟಿಪ್ಪಣಿ

ನನ್ನ ಹೆಸರು ಕರೆದ ಹಾಗಾಯಿತು, ಅದಕ್ಕೇ ಬಂದೆ. ಕೊನೇಬೆಂಚು ಅವರೇ, ನಾನು ಇದೇ ವಿಷಯದಲ್ಲಿ ಪಿಎಚ್‌.ಡಿ ಮುಗಿಸಿ ಎಂಟು ವರ್ಷ ಆಯಿತು. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಭಾಷೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮತ್ತಾಯನ ಸುವಾರ್ತೆಯಲ್ಲಿ "ನೀತಿಗೆ ಹಸಿದು ಬಾಯಾರಿದವರು ಧನ್ಯರು" ಅಂತ ಕನ್ನಡದಲ್ಲಿ ಓದುತ್ತೇವೆ. ನೀತಿ ಅಂದ ಕೂಡಲೇ ನಮ್ಮ ಕಿವಿಗೆ ಏನು ಕೇಳಿಸುತ್ತದೆ? ನೀತಿಪಾಠ, ನೀತಿಕಥೆ. ಸುಳ್ಳು ಹೇಳಬಾರದು, ದೊಡ್ಡವರಿಗೆ ಗೌರವ ಕೊಡಬೇಕು. ಮೂಲದಲ್ಲಿರುವ ಗ್ರೀಕ್ ಪದ ದಿಕಾಯೊಸುನೆ. ಅದರಲ್ಲಿ ವ್ಯಕ್ತಿಯ ಸನ್ನಡತೆಯೂ ಇದೆ, ಊರಿನ ನ್ಯಾಯವೂ ಇದೆ. ಸ್ಪ್ಯಾನಿಷ್ ಬೈಬಲಿನಲ್ಲಿ ಅದು ಹುಸ್ತೀಸಿಯ, ಅಂದರೆ ಕೋರ್ಟಿನಲ್ಲಿ ಕೇಳುವ ಅದೇ ನ್ಯಾಯ. "ನ್ಯಾಯಕ್ಕೆ ಹಸಿದವರು ಧನ್ಯರು" ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವರಿಗೂ "ನೀತಿಗೆ ಹಸಿದವರು" ಅಂತ ಕೇಳಿ ಬೆಳೆದವರಿಗೂ ಪ್ರಶ್ನೆಗಳೇ ಬೇರೆ ಹುಟ್ಟುತ್ತವೆ. ಹೀಬ್ರೂವಿನಲ್ಲಿ ಮಿಷ್ಪಾಟ್ (ನ್ಯಾಯ), ತ್ಸೆದಾಕಾ (ನೀತಿ) ಅಂತ ಜೋಡಿ ಪದಗಳಿವೆ, ಪ್ರವಾದಿ ಆಮೋಸನ ಪುಸ್ತಕದಲ್ಲಿ ಹೊಳೆಯ ಹಾಗೆ ಹರಿಯಬೇಕಾದವು ಅವೇ ಎರಡು. ಪೂರ್ತಿ ಪಂಡಿತರಾಗಬೇಕಿಲ್ಲ. ಆದರೆ ಅನುವಾದ ಎಲ್ಲಿ ವಾಲಿದೆ ಎಂದು ಹಿಡಿಯುವಷ್ಟು ಗ್ರೀಕ್, ಹೀಬ್ರೂ ಕಲಿಯಲೇಬೇಕು.

ಇನ್ನು ನನ್ನ ಕಥೆ. ಮನೆಕೆಲಸ ಮಾಡುವ ಹೆಂಗಸರ ಒಂದು ಪ್ರಾರ್ಥನಾ ಕೂಟದ ಜೊತೆ ಒಂದೂವರೆ ವರ್ಷ ಕೂತಿದ್ದೆ. ಅವರು ಬೈಬಲ್ ಹೇಗೆ ಓದುತ್ತಾರೆ ಅನ್ನುವುದು ನನ್ನ ವಿಷಯ. ತಲೆತುಂಬ ವಿಮೋಚನಾ ದೈವಶಾಸ್ತ್ರ, ಅಂದರೆ ಬಡವರ ಬಿಡುಗಡೆಯ ಕಣ್ಣಿನಿಂದ ಬೈಬಲ್ ಓದುವ ಚಿಂತನೆ, ತುಂಬಿಕೊಂಡು ಹೋಗಿದ್ದೆ. ಅವರು ಈಜಿಪ್ಟಿನ ದಾಸ್ಯದಿಂದ ಇಸ್ರಾಯೇಲರು ಬಿಡುಗಡೆಯಾದ ಕಥೆಯ ವಿಮೋಚನಕಾಂಡ ಓದುತ್ತಾರೆ, ಫರೋಹ, ಕೆಂಪು ಸಮುದ್ರ, ಬಿಡುಗಡೆ ಅಂತೆಲ್ಲ ಮಾತಾಡುತ್ತಾರೆ ಅಂತ ಅಂದುಕೊಂಡಿದ್ದೆ. ಅವರು ಮತ್ತೆ ಮತ್ತೆ ಓದಿದ್ದು ಹಾಗರಳ ಕಥೆ. ಅಬ್ರಹಾಮನ ಮನೆಯ ದಾಸಿ. ಯಜಮಾನಿಯ ಕಾಟ ತಡೆಯಲಾರದೆ ಓಡಿಹೋಗುತ್ತಾಳೆ. ದೇವದೂತ ಬಂದು ಏನು ಹೇಳುತ್ತಾನೆ? ತಿರುಗಿ ಅದೇ ಮನೆಗೆ ಹೋಗು ಅಂತ! ಬಿಡುಗಡೆಯ ಕಥೆಯೇ ಅಲ್ಲ ಅದು.

ಒಂದು ದಿನ ಒಬ್ಬ ಹೆಂಗಸು ಕೇಳಿದರು, "ಅವಳಿಗೆ ಸಂಬಳ ಕೊಡ್ತಿದ್ರಾ, ಮೇಡಂ?"

ನನ್ನ ಓದಿನಲ್ಲಿ ಆ ಪ್ರಶ್ನೆ ಎಲ್ಲೂ ಬಂದಿರಲಿಲ್ಲ. ಆ ರಾತ್ರಿ ಟಿಪ್ಪಣಿ ಪುಸ್ತಕದಲ್ಲಿ ಅದೊಂದೇ ಸಾಲು ಬರೆದೆ.

ಆಮೇಲೆ ಡೆಲೋರಿಸ್ ವಿಲಿಯಮ್ಸ್ ಅವರನ್ನು ಸರಿಯಾಗಿ ಓದಿದೆ. ಕಪ್ಪು ಜನಾಂಗದ ಹೆಣ್ಣುಮಕ್ಕಳ ಕಡೆಯಿಂದ 1993ರಲ್ಲಿ ಅವರು ಇದೇ ಹಾಗರಳನ್ನು ಎತ್ತಿಕೊಂಡು ತಮ್ಮವರೇ ಆದ ಕಪ್ಪು ದೈವಶಾಸ್ತ್ರದವರಿಗೆ ತಕರಾರು ತೆಗೆದರು. ದೇವರು ಯಾವಾಗಲೂ ಬಿಡುಗಡೆ ಮಾಡುವವನಲ್ಲ, ಕೆಲವರಿಗೆ ಅವನು ಬದುಕಿ ಉಳಿಯಲು ದಾರಿ ತೋರಿಸುವವನು ಅಂತ. ಕಪ್ಪು ದೈವಶಾಸ್ತ್ರ ಕಟ್ಟಿದ ಜೇಮ್ಸ್ ಕೋನ್ ಅಂಥ ದೊಡ್ಡವರಿಗೇ ಕೇಳಿದ ಪ್ರಶ್ನೆ ಅದು. ಕೋನ್ ಅವರೂ ತಮ್ಮ ಮೊದಲ ಪುಸ್ತಕಗಳಲ್ಲಿ ಹೆಂಗಸರು ಕಾಣೆಯಾಗಿದ್ದನ್ನು ಮುಂದೆ ಮುನ್ನುಡಿಗಳಲ್ಲಿ ಒಪ್ಪಿಕೊಂಡರು. ಅಂದಹಾಗೆ ಕೋನ್ ಪಿಎಚ್‌.ಡಿ ಮಾಡಿದ್ದು ಕಾರ್ಲ್ ಬಾರ್ತ್ ಅನ್ನುವ ಸ್ವಿಸ್ ಪಂಡಿತನ ಮೇಲೆ, 1965ರಲ್ಲಿ. ಬಾರ್ತ್ ತಮ್ಮ ಜನಕ್ಕೆ ಏನು ಹೇಳಬಲ್ಲ ಅನ್ನುವ ಪ್ರಶ್ನೆ ಅವರನ್ನು ಕೂರಲು ಬಿಡಲಿಲ್ಲ. ನಾಲ್ಕೇ ವರ್ಷಕ್ಕೆ, 1969ರಲ್ಲಿ, ಕಪ್ಪು ದೈವಶಾಸ್ತ್ರದ ಬಗ್ಗೆ ಬೇರೆಯೇ ಪುಸ್ತಕ ಬಂತು. ಥೀಸಿಸ್ ವಿಷಯವೇ ಜೀವನದ ವಿಷಯ ಆಗಬೇಕಿಲ್ಲ. ಇದು ನಿಮಗೆ ಸಮಾಧಾನ.

ಕೊನೇಬೆಂಚು

ಮೇಡಂ, ಆ ಪ್ರಶ್ನೆ ಕೇಳಿದವರು ನಿಮ್ಮ ಥೀಸಿಸ್‌ನಲ್ಲಿ ಬಂದರಾ?

ಅಡಿಟಿಪ್ಪಣಿ

ಬಂದರು. ಅದೇ ದೊಡ್ಡ ರಗಳೆ ಆಯಿತು.

ಸಂಶೋಧನೆಯ ನೈತಿಕ ಸಮಿತಿ ಎಲ್ಲರ ಹೆಸರು ಬದಲಿಸಿ ಎಂದಿತ್ತು. ಸರಿಯೇ. ಯಜಮಾನರಿಗೆ ಗೊತ್ತಾದರೆ ಕೆಲಸ ಹೋಗಬಹುದು. ನಾನು ಹೋಗಿ ಆ ಪ್ರಶ್ನೆ ಕೇಳಿದವರಿಗೆ ವಿವರಿಸಿದೆ. ಅವರು ಹೇಳಿದ್ದು: "ಸಭೇಲಿ ಸಾಕ್ಷಿ ಹೇಳುವಾಗ ಎದ್ದು ನಿಂತು ನನ್ನ ಹೆಸರು ಹೇಳೇ ಶುರು ಮಾಡ್ತೀನಿ. ನಿಮ್ಮ ಪುಸ್ತಕದಲ್ಲಿ ಯಾಕೆ ಬೇರೆಯವಳಾಗಲಿ?" ಸಾಕ್ಷಿ, ಅಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳುವುದು, ಅನ್ನುವ ಮಾತು ನಮ್ಮ ಸಭೆಗಳಲ್ಲಿ ಎಷ್ಟು ತೂಕದ್ದು ಅಂತ ಇಲ್ಲಿ ಗೊತ್ತಿರುವವರಿಗೆ ಗೊತ್ತು. ಸಮಿತಿಯ ಫಾರಂನಲ್ಲಿ ಆ ಪದಕ್ಕೆ ಜಾಗವೇ ಇರಲಿಲ್ಲ, ಅಲ್ಲಿ ಇದ್ದದ್ದು "ಮಾಹಿತಿದಾರರು".

ಕೊನೆಗೆ ಹೆಸರು ಬದಲಿಸಿದೆ. ಅವರು ಒಪ್ಪಲಿಲ್ಲ ಅನ್ನುವುದನ್ನೂ, ಅವರು ಹೇಳಿದ ಮಾತನ್ನೂ ಪುಟದ ಕೆಳಗೆ ಹಾಗೇ ಬರೆದೆ. ನನ್ನ ಈ ಅಡ್ಡಹೆಸರು ಅಲ್ಲಿಂದ ಬಂದದ್ದು. ಸರಿ ಮಾಡಿದೆನಾ ಅಂತ ಇವತ್ತಿಗೂ ಗೊತ್ತಿಲ್ಲ. ಥೀಸಿಸ್ ಪ್ರತಿ ತೆಗೆದುಕೊಂಡು ಹೋಗಿ ಕೊಟ್ಟಾಗ ಅವರು ಆ ಪುಟ ಓದಿಸಿಕೊಂಡರು, "ಹೂಂ" ಅಂದರು, ಕಾಫಿ ಕೊಟ್ಟರು.

ಇನ್ನೊಂದು ಮಾತು. ಅದೇ ಅಧ್ಯಾಯವನ್ನು ಒಂದು ಪತ್ರಿಕೆಗೆ ಕಳಿಸಿದೆ. "ಇದು ಚರ್ಚಿನ ಪ್ರಸಂಗದ ಹಾಗಿದೆ" ಎಂದು ವಾಪಸ್ ಬಂತು. ಒಂದು ಸಭೆಯ ಅಧ್ಯಯನ ಕೂಟದಲ್ಲಿ ಓದಿದೆ. "ಇದರಲ್ಲಿ ದೇವರೇ ಇಲ್ಲ" ಅಂದರು. ಎರಡೂ ಒಂದೇ ತಿಂಗಳಲ್ಲಿ. ಈ ಕೆಲಸಕ್ಕೆ ಬರುವವರಿಗೆ ಇದು ಮಾಮೂಲು.

ಮಳೆಹಕ್ಕಿ

ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ. ಒಂದು ಕಹಿ ಮಾತು ಸೇರಿಸಲೇಬೇಕು. ನನ್ನ ವಿಷಯ ಕ್ರೈಸ್ತ ಶಾಂತಿವಾದ. ಮೂರನೇ ಅಧ್ಯಾಯ ಪೂರ್ತಿ ಜಾನ್ ಹೊವರ್ಡ್ ಯೋಡರ್ ಮೇಲೆ ನಿಂತಿತ್ತು. 1972ರ ಅವನ ಪುಸ್ತಕ ಇಲ್ಲದೆ ಈ ಕ್ಷೇತ್ರದಲ್ಲಿ ಮಾತೇ ಇಲ್ಲ ಅನ್ನುವಷ್ಟು ಹೆಸರು. ಅಹಿಂಸೆಯ ಆಚಾರ್ಯ! ಇವನು ನೂರಕ್ಕೂ ಹೆಚ್ಚು ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದ ಅಂತ 2015ರಲ್ಲಿ ಪ್ರಕಟವಾದ ಒಂದು ಇತಿಹಾಸ ಅಧ್ಯಯನ ದಾಖಲಿಸಿತು. ಗೊತ್ತಿದ್ದವರು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದರು.

ನನ್ನ ಗೈಡ್ "ವಾದ ಬೇರೆ, ಮನುಷ್ಯ ಬೇರೆ" ಅಂದರು. ಗಣಿತದಲ್ಲಿ ಆ ಮಾತು ಒಪ್ಪುತ್ತೇನೆ. ಆದರೆ ಇವನ ವಾದವೇ ಸಭೆಯೊಳಗೆ ಶಿಸ್ತು, ಕ್ಷಮೆ, ಹಗೆ ತೀರಿಸಿಕೊಳ್ಳದಿರುವುದರ ಬಗ್ಗೆ. ಆ ಮಾತುಗಳ ಮರೆಯಲ್ಲೇ ಅಲ್ವಾ ಆ ಹೆಂಗಸರ ದೂರು ಮುಚ್ಚಿಹೋದದ್ದು? ಅಧ್ಯಾಯ ಕಿತ್ತು ಹಾಕಲಿಲ್ಲ. ಕ್ಷಮೆ ಅನ್ನುವ ಪದ ಯಾರ ಬಾಯಲ್ಲಿ, ಯಾರಿಗೆ, ಯಾವಾಗ ಹೇಳಲ್ಪಡುತ್ತದೆ ಅಂತ ಮತ್ತೆ ಬರೆದೆ. ಒಂದು ವರ್ಷ ಜಾಸ್ತಿ ಹಿಡಿಯಿತು. ಫೆಲೋಶಿಪ್ ಮುಗಿದಿತ್ತು, ಟ್ಯೂಷನ್ ಹೇಳಿಕೊಂಡು ಮುಗಿಸಿದೆ.

ತಕರಾರು

ಇದು ಸರಿಯಾದ ಮಾತು. ಇದಕ್ಕೆ ನನ್ನ ತಕರಾರಿಲ್ಲ. (ದಿನಾಂಕ ಬರೆದಿಟ್ಟುಕೊಳ್ಳಿ.)

ಆದರೆ ಮೂಲ ಪ್ರಶ್ನೆ ಹಾಗೇ ಉಳಿಯಿತು. ನಂಬುವವನು ಸಂಶೋಧಕ ಆಗಬಹುದಾ? ನನ್ನ ಪ್ರಕಾರ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ.

ಸೀಮೆಸುಣ್ಣ

ಎಲ್ ಸಾಲ್ವದೋರ್‌ನ ಯೇಸುಸಭೆಯ ವಿಶ್ವವಿದ್ಯಾಲಯದ ಕಥೆ ಹೇಳುತ್ತೇನೆ. ಅಲ್ಲಿ ಇಗ್ನಾಸಿಯೊ ಮಾರ್ಟಿನ್-ಬಾರೊ ಅಂತ ಒಬ್ಬ ಪಾದ್ರಿ ಇದ್ದ. ಶಿಕಾಗೊದಲ್ಲಿ ಪಿಎಚ್‌.ಡಿ ಮಾಡಿದ ಸಾಮಾಜಿಕ ಮನಶ್ಶಾಸ್ತ್ರಜ್ಞ. ದೇಶದಲ್ಲಿ ಅಂತರ್ಯುದ್ಧ. ಜನಕ್ಕೆ ಏನು ಬೇಕು ಅಂತ ಸರ್ಕಾರವೇ ಹೇಳುತ್ತಿತ್ತು. ಇವನು 1986ರಲ್ಲಿ ಜನಾಭಿಪ್ರಾಯ ಸಮೀಕ್ಷೆಯ ಸಂಸ್ಥೆ ಕಟ್ಟಿದ. ಪ್ರಶ್ನಾವಳಿ, ಮಾದರಿ ಆಯ್ಕೆ, ಶೇಕಡಾವಾರು ಲೆಕ್ಕ. ಒಣ ಕೆಲಸ, ಯಾವ ಸಮಾಜಶಾಸ್ತ್ರ ವಿಭಾಗದಲ್ಲಾದರೂ ಮಾಡುವಂಥದ್ದು. ಆದರೆ ನಿಮ್ಮ ಅಕ್ಕಪಕ್ಕದವರೂ ನಿಮ್ಮ ಹಾಗೇ ಯೋಚಿಸುತ್ತಿದ್ದಾರೆ ಅಂತ ಅಂಕಿ ತೋರಿಸಿದರೆ ಹೆದರಿಕೆಯ ಸುಳ್ಳು ನಿಲ್ಲುವುದಿಲ್ಲ. 1989ರ ನವೆಂಬರ್ 16ರ ಬೆಳಗಿನ ಜಾವ ಸೈನಿಕರು ಬಂದು ಅವನನ್ನೂ, ಕುಲಪತಿ ಇಗ್ನಾಸಿಯೊ ಎಯಾಕುರಿಯನನ್ನೂ ಸೇರಿಸಿ ಆರು ಪಾದ್ರಿಗಳನ್ನು ಕೊಂದರು. ಅಡುಗೆಯ ಹೆಂಗಸನ್ನೂ ಅವರ ಹದಿಹರೆಯದ ಮಗಳನ್ನೂ ಬಿಡಲಿಲ್ಲ.

ಅವನ ಸಮೀಕ್ಷೆ ಪಕ್ಷಪಾತದಿಂದ ಕೂಡಿದ್ದರೆ ಯಾರಿಗೂ ಹೆದರಿಕೆ ಆಗುತ್ತಿರಲಿಲ್ಲ. ಲೆಕ್ಕ ಸರಿ ಇದ್ದದ್ದೇ ತೊಂದರೆ ಆಯಿತು. ತಕರಾರು ಅವರೇ, ಅವನ ಯಾವ ಕಾಲು ಯಾವುದರಲ್ಲಿತ್ತು ಹೇಳಿ.

ತಕರಾರು

ಯೋಚಿಸುತ್ತೇನೆ ಸರ್.

ಮಳೆಹಕ್ಕಿ

ಹೊರಗಿನವರು ಬರೆಯಬಹುದಾ ಅನ್ನುವುದೂ ಇದೆ. ದಲಿತ ದೈವಶಾಸ್ತ್ರ ಶುರುವಾದಾಗಲೇ ಈ ಜಗಳ ಬಂತು. ಅರವಿಂದ್ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ಅದರ ಲೆಕ್ಕ ಹಿಡಿಯುತ್ತಾರೆ. ಆವರೆಗೆ ಭಾರತೀಯ ಕ್ರೈಸ್ತ ಚಿಂತನೆ ಅಂದರೆ ವೇದಾಂತದ ಜೊತೆ ಮಾತುಕತೆ. ಸಭೆಯಲ್ಲಿ ಕೂತವರಲ್ಲಿ ಹೆಚ್ಚಿನವರು ದಲಿತರು, ಪುಸ್ತಕದಲ್ಲಿ ಶಂಕರಾಚಾರ್ಯರು! ನಿರ್ಮಲ್ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಇಸ್ರಾಯೇಲರು ತಮ್ಮ ಮೂಲಪುರುಷ ಎಂದು ನೆನೆಯುವ "ಅಲೆದಾಡುವ ಅರಾಮ್ಯ"ನನ್ನು ತಮ್ಮ ಪೂರ್ವಿಕನಾಗಿ ಓದಿದರು. ನೋವು ಉಂಡವರೇ ಇದನ್ನು ಬರೆಯಬೇಕು ಅಂತ ಹಟ ಹಿಡಿದರು. ಆಮೇಲೆ ಸತ್ಯನಾಥನ್ ಕ್ಲಾರ್ಕ್ ತಮಿಳುನಾಡಿನ ಪರೈಯ ದಲಿತರ ತಮಟೆಯನ್ನೇ ಒಂದು ಪಠ್ಯದ ಹಾಗೆ ಓದಿದರು. ಬರೆದಿಟ್ಟದ್ದು ಮಾತ್ರ ಶಾಸ್ತ್ರ ಅಲ್ಲ ಅಂತ. ಕೊನೇಬೆಂಚು, ನಿಮ್ಮ "ಕ್ರೈಸ್ತ ಚಿಂತನೆ"ಯಲ್ಲಿ ತಮಟೆಗೆ ಜಾಗ ಇದೆಯಾ?

ಸೀಮೆಸುಣ್ಣ

ಹೊಟ್ಟೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನೇ ಕೊಡುತ್ತೇನೆ. ಕೆಲಸಗಳು ಕಡಿಮೆ. ಸೆಮಿನರಿಗಳಲ್ಲಿ ಬಹಳ ಕಡೆ ನಂಬಿಕೆಯ ಹೇಳಿಕೆಗೆ ಸಹಿ ಕೇಳುತ್ತಾರೆ, ಕೆಲವು ಕಡೆ ಪ್ರತಿ ವರ್ಷ. ಸಹಿ ಹಾಕುವ ಮೊದಲು ಪೂರ್ತಿ ಓದಿ. ನನ್ನ ಗೆಳೆಯನೊಬ್ಬ ಓದದೆ ಹಾಕಿ, ಒಂದು ಲೇಖನ ಬರೆದು, ಕೆಲಸ ಕಳೆದುಕೊಂಡ. ವಿಶ್ವವಿದ್ಯಾಲಯಗಳಲ್ಲಿ ಸಹಿ ಇಲ್ಲ, ಆದರೆ ಹುದ್ದೆಯ ಹೆಸರಿನಲ್ಲಿ "ಕ್ರೈಸ್ತ" ಅನ್ನುವ ಪದವೂ ಇರುವುದಿಲ್ಲ. ಅದಕ್ಕೇ ಸಮಾಜಶಾಸ್ತ್ರದ ಡಿಗ್ರಿ ಬಿಡಬೇಡಿ. ಗುಸ್ತಾವೊ ಗುಟಿಯೆರೆಜ್ ವಿಮೋಚನಾ ದೈವಶಾಸ್ತ್ರದ ಪುಸ್ತಕ ಬರೆದದ್ದು 1971ರಲ್ಲಿ. ಡಾಕ್ಟರೇಟ್ ಸಿಕ್ಕಿದ್ದು 1985ರಲ್ಲಿ, ಅದೂ ಅಷ್ಟರಲ್ಲಿ ಬರೆದದ್ದನ್ನೇ ಮುಂದಿಟ್ಟು. ನಡುವೆ ಲಿಮಾದ ಬಡ ಪ್ಯಾರಿಷ್‌ನಲ್ಲಿ ಗುರುಗಳಾಗಿ ದುಡಿದರು. ಅವರಿಗೆ ಸಂಬಳದ ಯೋಚನೆ ಇರಲಿಲ್ಲ, ನಿಮಗೆ ಇರಲಿ.

ಕೊನೇಬೆಂಚು (ಏಳು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಸಮಾಜಶಾಸ್ತ್ರದಲ್ಲೇ ಉಳಿದೆ. ಥಿಯಾಲಜಿಯ ಒಬ್ಬರು ಸಹ-ಮಾರ್ಗದರ್ಶಿಯಾಗಿ ಬರಲು ಒಪ್ಪಿದ್ದಾರೆ. ಗ್ರೀಕ್ ಅಕ್ಷರ ಕಲಿಯುತ್ತಿದ್ದೇನೆ.

ಹಳೇ ಶೀರ್ಷಿಕೆ ಎಸೆದೆ. ಅಡಿಟಿಪ್ಪಣಿ ಮೇಡಂ, ನಿಮ್ಮ ಆ ಒಂದು ಸಾಲು ತಲೆಯಿಂದ ಹೋಗಲೇ ಇಲ್ಲ. ಚರ್ಚು, ಚರ್ಚಿನ ಶಾಲೆ, ಹಾಸ್ಟೆಲುಗಳಲ್ಲಿ ಕಸ ಗುಡಿಸುವವರು, ಅಡುಗೆಯವರು, ಕಾವಲಿನವರು ಇದ್ದಾರಲ್ಲ. ಅವರ ಕೂಲಿ ಯಾಕೆ ಕಡಿಮೆ ಅಂತ ಕೇಳಿದರೆ ಬರುವ ಉತ್ತರ "ಇದು ಸೇವೆ". ಆ ಒಂದು ಪದ ಆಡಳಿತ ಸಮಿತಿಯ ಬಾಯಲ್ಲಿ ಏನು ಕೆಲಸ ಮಾಡುತ್ತದೆ, ಕೆಲಸಗಾರರ ಬಾಯಲ್ಲಿ ಏನು ಕೆಲಸ ಮಾಡುತ್ತದೆ, ಅದೇ ನನ್ನ ವಿಷಯ. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತದೆ ಅಂತ ಇದೆ. ಅದನ್ನು ಓದಿದರೆ ಇಬ್ಬರೂ ಏನು ಹೇಳುತ್ತಾರೆ ಅಂತಲೂ ಕೇಳಬೇಕು.

ಅಡಿಟಿಪ್ಪಣಿ

ಕೆಲಸಗಾರರು ತಾವೇ "ಸೇವೆ" ಅಂತ ಹೆಮ್ಮೆಯಿಂದ ಹೇಳಿದರೆ ಏನು ಮಾಡುತ್ತೀರಿ? ಹೇಳುತ್ತಾರೆ. ಅವರಿಗೆ ಗೊತ್ತಿಲ್ಲ, ಮೋಸ ಹೋಗಿದ್ದಾರೆ ಅಂತ ಬರೆದರೆ ನಾನೇ ಬಂದು ಜಗಳ ಆಡುತ್ತೇನೆ.

ಕೊನೇಬೆಂಚು

ಒಬ್ಬರು ಆಗಲೇ ಹೇಳಿದರು ಮೇಡಂ. "ಸೇವೆ ಹೌದು. ಸಂಬಳಾನೂ ಬೇಕು."

ತಕರಾರು

ಸಮಿತಿಯವರು ಸಂಬಳದ ರಿಜಿಸ್ಟರ್ ತೋರಿಸುತ್ತಾರಾ?

ಕೊನೇಬೆಂಚು

ಕೇಳಿದೆ. "ಪ್ರಾರ್ಥನೆ ಮಾಡಿ ಹೇಳ್ತೀವಿ" ಅಂದರು.

ಸೀಮೆಸುಣ್ಣ

ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿರಾ? ದಿನಾಂಕ ಹಾಕಿ?

ಕೊನೇಬೆಂಚು

ಹಾಕಿದ್ದೇನೆ ಸರ್. ಮೂರು ಸಲ ಹೇಳಿದ್ದಾರೆ, ಮೂರೂ ದಿನಾಂಕ ಇದೆ.